ಡೇಟಾಬೇಸಿನ ಕೆಳಗಿನ ನೆಲ: ಡಿಬಿಎ ಕಲಿಯುವವರ ಮನೆಯಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇರಬೇಕು

(ಶಿರಸಿಯಲ್ಲಿ ಕಂಪ್ಯೂಟರ್ ಓದುತ್ತಿರುವ ಪದವಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

"ಡಿಬಿಎ ಆಗಬೇಕು ಅಂತಿದ್ದೇನೆ, ಮನೆಯ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್ ಹಾಕಲಿ?" ಡಿಬಿಎ ಎಂದರೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಡೇಟಾಬೇಸನ್ನು ನಡೆಸಿಕೊಂಡು ಹೋಗುವವರು. ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಇನ್ನೊಂದನ್ನು ಕೇಳಲೇಬೇಕು: ಯಾವ ಡೇಟಾಬೇಸ್ ಕಲಿಯುತ್ತೀರಿ? ನೆಡುವುದು ಅಡಿಕೆಯೋ ತೆಂಗೋ ಎಂದು ಗೊತ್ತುಮಾಡಿಕೊಳ್ಳದೆ ಗುಂಡಿ ಎಷ್ಟು ಆಳ ತೋಡಲಿ ಎಂದು ಕೇಳಿದರೆ ಹೇಳುವವರಾದರೂ ಏನು ಹೇಳಬೇಕು?

ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್ ಮಾತ್ರ ಬರೆಯಲು ಕಲಿಯುವುದಾದರೆ ಯಾವ ಆಪರೇಟಿಂಗ್ ಸಿಸ್ಟಮ್ ಆದರೂ ನಡೆದೀತು. ಜಾಯಿನ್ ಎಲ್ಲ ಕಡೆಯೂ ಜಾಯಿನ್ನೇ. ಡಿಬಿಎ ಕೆಲಸ ಬೇರೆ. ನಡುರಾತ್ರಿ ಫೋನ್ ಬಂದಾಗ ತಪ್ಪಾಗಿರುವುದು ಬಹುಪಾಲು ಕ್ವೆರಿಯಲ್ಲಿ ಅಲ್ಲ. ಡಿಸ್ಕ್ ತುಂಬಿರುತ್ತದೆ. ಮೆಮೊರಿ ಸಾಲದೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಯಾವುದೋ ಪ್ರಾಸೆಸ್ಸನ್ನು ಕೊಂದಿರುತ್ತದೆ. ಯಾರೋ ಫೈಲಿನ ಮಾಲೀಕತ್ವ ಬದಲಿಸಿರುತ್ತಾರೆ. ಪೋರ್ಟು ಫೈರ್‌ವಾಲಿನ ಹಿಂದೆ ಮುಚ್ಚಿರುತ್ತದೆ. ಇವೆಲ್ಲ ಡೇಟಾಬೇಸಿಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವಿನ ಗಡಿಯಲ್ಲಿ ಆಗುವ ತೊಂದರೆಗಳು. ಆ ಗಡಿ ಕಣ್ಣಿಗೆ ಕಾಣುವಂತಿರಬೇಕು, ಕೈಯಾರೆ ಕೆಡಿಸಿ ಸರಿಪಡಿಸುವಂತಿರಬೇಕು. ಮನೆಯಲ್ಲಿ ಬೇಕಾದದ್ದು ಅಂಥ ಸಿಸ್ಟಮ್. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಒಂದು ಆತಂಕ ಕಳೆಯೋಣ. ಲ್ಯಾಪ್‌ಟಾಪಿನಲ್ಲಿರುವ ವಿಂಡೋಸ್ ತೆಗೆಯಬೇಕಾಗಿಲ್ಲ. ಅದೇ ಯಂತ್ರದಲ್ಲಿ ಅಣ್ಣ ಆನ್‌ಲೈನ್ ಅರ್ಜಿ ತುಂಬುತ್ತಾನೆ, ಅಪ್ಪ ಪಹಣಿ ತೆಗೆಯುತ್ತಾರೆ. ಅದು ಹಾಗೇ ಇರಲಿ. ಯಂತ್ರದೊಳಗೆ ಇನ್ನೊಂದು ಯಂತ್ರವನ್ನು (ವರ್ಚುವಲ್ ಮಷೀನ್, ಚಿಕ್ಕದಾಗಿ ವಿಎಂ) ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಲಿನಕ್ಸ್ ಸರ್ವರ್ ಎಬ್ಬಿಸಿ. ಒಂದೇ ಯಂತ್ರಕ್ಕೆ ಎರಡು ಸಿಸ್ಟಮ್ ಹಾಕುವ ಡ್ಯುಯಲ್ ಬೂಟ್ ಈ ಕಲಿಕೆಗೆ ಹೊಂದುವುದಿಲ್ಲ. ಅಲ್ಲಿ ಒಮ್ಮೆಗೆ ಒಂದೇ ಯಂತ್ರ ನಡೆಯುತ್ತದೆ, ಕೆಡಿಸಿದ್ದನ್ನು ಸ್ನ್ಯಾಪ್‌ಶಾಟ್‌ನಿಂದ (ಮೊದಲೇ ಉಳಿಸಿಟ್ಟ ಸ್ಥಿತಿಯಿಂದ) ಹಿಂದಕ್ಕೆ ತರಲು ಬರುವುದಿಲ್ಲ, ಎರಡು ಸರ್ವರ್ ನಡುವಿನ ರೆಪ್ಲಿಕೇಶನ್ (ಒಂದರ ಡೇಟಾ ಇನ್ನೊಂದಕ್ಕೆ ನಕಲಾಗುತ್ತಿರುವುದು) ಕಲಿಯುವ ದಾರಿಯಂತೂ ಇಲ್ಲವೇ ಇಲ್ಲ.

ಈಗ ಡೇಟಾಬೇಸಿಗೆ ತಕ್ಕ ಸಿಸ್ಟಮ್ ಯಾವುದು ಎಂದು ನೋಡೋಣ.

ಒರಾಕಲ್ ಕಲಿಯುವವರು ಒರಾಕಲ್ ಲಿನಕ್ಸ್ ಹಾಕಿಕೊಳ್ಳಿ, 8 ಅಥವಾ 9ನೇ ಆವೃತ್ತಿ. ಇದು ರೆಡ್ ಹ್ಯಾಟ್ ಕಂಪನಿಯ ಲಿನಕ್ಸಿನ ಕುಟುಂಬದ್ದು, ಇಳಿಸಿಕೊಳ್ಳಲು ದುಡ್ಡಿಲ್ಲ. ಒರಾಕಲ್‌ನ ಉಚಿತ ಡೇಟಾಬೇಸ್ ಆವೃತ್ತಿಗೆ ಮಿತಿ ಇದೆ: ಎರಡು ಸಿಪಿಯು ಥ್ರೆಡ್, 2 ಜಿಬಿ ಮೆಮೊರಿ, 12 ಜಿಬಿ ಬಳಕೆದಾರರ ಡೇಟಾ. ಕಲಿಯುವವರಿಗೆ ಇದು ಧಾರಾಳ. ಉಬುಂಟುವಿನ ಮೇಲೆ ಒರಾಕಲ್ ಕೂರಿಸಲು ರೆಡ್ ಹ್ಯಾಟ್ ಕುಟುಂಬಕ್ಕೆಂದು ಮಾಡಿದ ಆರ್‌ಪಿಎಂ ಪ್ಯಾಕೇಜನ್ನು ಮಾರ್ಪಡಿಸುವ ಉಪಾಯಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅದಕ್ಕೆ ಕೈಹಾಕಬೇಡಿ. ಕಳೆಯುವ ವಾರದಲ್ಲಿ ನೀವು ಕಲಿಯುವುದು ಪ್ಯಾಕೇಜ್ ಮಾರ್ಪಡಿಸುವುದನ್ನು, ಡೇಟಾಬೇಸನ್ನಲ್ಲ.

ಒರಾಕಲ್ ಲಿನಕ್ಸಿನಲ್ಲಿ ಪ್ರೀಇನ್‌ಸ್ಟಾಲ್ ಎಂಬ ಪ್ಯಾಕೇಜಿದೆ. ಅದನ್ನು ಹಾಕಿದರೆ ಒರಾಕಲ್ ಎಂಬ ಬಳಕೆದಾರ, ಡಿಬಿಎ ಗುಂಪು, ಸೆಮಾಫೋರ್ ಮತ್ತು ಶೇರ್ಡ್ ಮೆಮೊರಿಯ ಕರ್ನಲ್ ನಿಯತಾಂಕಗಳು, ತೆರೆಯಬಹುದಾದ ಫೈಲುಗಳ ಮಿತಿ, ಎಲ್ಲವೂ ತಾನಾಗಿ ಸಿದ್ಧವಾಗುತ್ತವೆ. ಮೊದಲ ಸಲ ಅದನ್ನೇ ಬಳಸಿ. ಎರಡನೇ ಸಲ ಹೊಸ ವಿಎಂ ಮಾಡಿ, ಆ ಪ್ಯಾಕೇಜ್ ಹಾಕದೆ, ಅದು ಮಾಡಿದ ಒಂದೊಂದು ಕೆಲಸವನ್ನೂ ಕೈಯಾರೆ ಮಾಡಿ. ಯಾವ ಸಂಖ್ಯೆ ಯಾಕೆ ಬೇಕು ಎನ್ನುವುದು ತಿಳಿಯುವುದು ಆ ಎರಡನೇ ಸಲವೇ.

ಇದೇ ಒರಾಕಲ್ಲನ್ನು ವಿಂಡೋಸ್ ಮೇಲೂ ಹಾಕಬಹುದಲ್ಲ ಎನ್ನುತ್ತೀರಿ. ಹಾಕಬಹುದು. ಆದರೆ ವಿಂಡೋಸಿನಲ್ಲಿ ಇಡೀ ಇನ್‌ಸ್ಟೆನ್ಸ್ (ಓಡುತ್ತಿರುವ ಡೇಟಾಬೇಸ್) ಒಂದೇ ಪ್ರಾಸೆಸ್ ಆಗಿರುತ್ತದೆ, ಹಿನ್ನೆಲೆಯ ಕೆಲಸಗಾರರೆಲ್ಲ ಅದರೊಳಗಿನ ಥ್ರೆಡ್‌ಗಳು. ಟಾಸ್ಕ್ ಮ್ಯಾನೇಜರಿನಲ್ಲಿ ಒಂದೇ ಸಾಲು ಕಾಣುತ್ತದೆ. ಲಿನಕ್ಸಿನಲ್ಲಿ 'ಪಿಎಸ್' ಆಜ್ಞೆ ಕೊಟ್ಟರೆ ಪಿಮಾನ್, ಎಸ್‌ಮಾನ್, ಡೇಟಾಬೇಸ್ ರೈಟರ್, ಲಾಗ್ ರೈಟರ್, ಚೆಕ್‌ಪಾಯಿಂಟ್ ಎಲ್ಲ ಬೇರೆಬೇರೆ ಪ್ರಾಸೆಸ್‌ಗಳಾಗಿ ಸಾಲಾಗಿ ನಿಲ್ಲುತ್ತವೆ. ಪುಸ್ತಕದ ಚಿತ್ರದಲ್ಲಿದ್ದ ಚೌಕಗಳು ನಿಮ್ಮ ಪರದೆಯ ಮೇಲೆ ಜೀವಂತ. ಲಾಗ್ ರೈಟರನ್ನು ಕೊಂದು ನೋಡಿ, ಇಡೀ ಇನ್‌ಸ್ಟೆನ್ಸ್ ಬೀಳುತ್ತದೆ. ಬದಲಾವಣೆಯ ದಾಖಲೆ ಬರೆಯುವವನೇ ಇಲ್ಲದಿದ್ದರೆ ಒಂದು ಕಮಿಟ್ಟನ್ನೂ (ಬದಲಾವಣೆ ಖಾಯಂ ಮಾಡುವ ಆಜ್ಞೆಯನ್ನೂ) ಒಪ್ಪಿಕೊಳ್ಳುವಂತಿಲ್ಲ, ಅದಕ್ಕೆ. ಹೀಗೆ ಕಂಡು ಕಲಿತದ್ದು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.

ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಕಲಿಯುವವರ ಮುಂದೆ ಎರಡು ದಾರಿಗಳಿವೆ. ಒಂದು ಡೆಬಿಯನ್, ಉಬುಂಟು. ಇನ್ನೊಂದು ರೆಡ್ ಹ್ಯಾಟ್ ಕುಟುಂಬದ ರಾಕಿ ಲಿನಕ್ಸ್ ಅಥವಾ ಆಲ್ಮಾ ಲಿನಕ್ಸ್. ಹಳೆಯ ಪಾಠಗಳು ಸೆಂಟ್‌ಓಎಸ್ ಹಾಕಿ ಎನ್ನುತ್ತವೆ. ಸೆಂಟ್‌ಓಎಸ್ 8ರ ಬೆಂಬಲ 2021ರ ಡಿಸೆಂಬರಿನಲ್ಲಿ, 7ರದ್ದು 2024ರ ಜೂನ್‌ನಲ್ಲಿ ಮುಗಿದಿದೆ. ಆ ಪಾಠ ಓದಿ, ಯಂತ್ರಕ್ಕೆ ರಾಕಿ ಹಾಕಿ. ಆಜ್ಞೆಗಳು ಹೆಚ್ಚುಕಡಿಮೆ ಅವೇ.

ಡೆಬಿಯನ್‌ನಲ್ಲಿ ಪೋಸ್ಟ್‌ಗ್ರೆಸ್ ಪ್ಯಾಕೇಜ್ ಹಾಕಿದ ಮರುಕ್ಷಣ 'ಮೇನ್' ಎಂಬ ಕ್ಲಸ್ಟರ್ (ಒಂದೇ ಸರ್ವರ್ ನಡೆಸುವ ಡೇಟಾಬೇಸ್‌ಗಳ ಗುಂಪು) ತಾನೇ ಹುಟ್ಟಿ ಓಡತೊಡಗುತ್ತದೆ. ಸಂರಚನೆಯ ಫೈಲುಗಳು ಇಟಿಸಿ ಫೋಲ್ಡರಿನಲ್ಲಿ, ಡೇಟಾ ಇನ್ನೆಲ್ಲೋ. ರಾಕಿಯಲ್ಲಿ ಹಾಗಲ್ಲ. ಪ್ಯಾಕೇಜ್ ಹಾಕಿದರೂ ಏನೂ ಆಗುವುದಿಲ್ಲ. ಡೇಟಾ ಫೋಲ್ಡರನ್ನು ಸಿದ್ಧಪಡಿಸುವ ಇನಿಟ್‌ಡಿಬಿ ಆಜ್ಞೆಯನ್ನು ನೀವೇ ಓಡಿಸಬೇಕು, ಸರ್ವಿಸ್ ನೀವೇ ಎಬ್ಬಿಸಬೇಕು, ಬೂಟ್ ಆದಾಗ ಏಳುವಂತೆ ನೀವೇ ಹೇಳಬೇಕು. ಸಂರಚನೆಯ ಫೈಲುಗಳೂ ಡೇಟಾ ಫೋಲ್ಡರಿನ ಒಳಗೇ ಇರುತ್ತವೆ. ಕಲಿಯುವವರಿಗೆ ನನ್ನ ಸಲಹೆ ರಾಕಿ. ಒಂದೊಂದು ಹೆಜ್ಜೆಯನ್ನೂ ನಿಮ್ಮ ಕೈಯಲ್ಲೇ ಮಾಡಿಸುತ್ತದೆ. ಕೈ ಪಳಗಿದ ಮೇಲೆ ಡೆಬಿಯನ್‌ನ ಅನುಕೂಲವನ್ನು ನಿಶ್ಚಿಂತೆಯಿಂದ ಬಳಸಿ.

ಎಸ್‌ಕ್ಯೂಎಲ್ ಸರ್ವರ್ ಕಲಿಯುವವರಿಗೆ ವಿಂಡೋಸೇ ಸರಿಯಾದ ನೆಲ. 2017ರಿಂದ ಅದು ಲಿನಕ್ಸ್ ಮೇಲೂ ಓಡುತ್ತದೆ ನಿಜ. ಆದರೆ ಸರ್ವಿಸ್ ಖಾತೆಗಳು, ಡೊಮೈನ್ ಮೂಲಕ ಲಾಗಿನ್, ಫೇಲ್‌ಓವರ್ ಕ್ಲಸ್ಟರ್, ಡೇಟಾ ಫೈಲನ್ನು ಸೊನ್ನೆ ತುಂಬದೆ ಹಿಗ್ಗಿಸುವ ವಿಶೇಷ ಹಕ್ಕು, ಇವನ್ನೆಲ್ಲ ಕಲಿಯಬೇಕಾದದ್ದು ವಿಂಡೋಸಿನ ಮೇಲೆ. ಡೆವಲಪರ್ ಆವೃತ್ತಿ ಉಚಿತ, ವ್ಯವಹಾರಕ್ಕೆ ಮಾತ್ರ ಬಳಸುವಂತಿಲ್ಲ. ವಿಂಡೋಸ್ ಸರ್ವರಿನ 180 ದಿನದ ಪರೀಕ್ಷಾ ಪ್ರತಿಯನ್ನು ವಿಎಂನಲ್ಲಿ ಹಾಕಿಕೊಂಡರೆ ಅಭ್ಯಾಸಕ್ಕೆ ಸಾಕು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕಾಡುವ ಒಂದು ತೊಂದರೆ ಇಲ್ಲೇ ಹೇಳಿಬಿಡುತ್ತೇನೆ. ವಿಂಡೋಸ್ 11ರ ಮೇಲೆ ಎಸ್‌ಕ್ಯೂಎಲ್ ಸರ್ವರ್ ಹಾಕುತ್ತೀರಿ, ಕೊನೆಯ ಹಂತದಲ್ಲಿ ಸರ್ವಿಸ್ ಏಳುವುದೇ ಇಲ್ಲ. ಹತ್ತು ಸಲ ತೆಗೆದು ಹಾಕಿದರೂ ಅಷ್ಟೆ. ಕಾರಣ ಡಿಸ್ಕಿನಲ್ಲಿದೆ. ಎಸ್‌ಕ್ಯೂಎಲ್ ಸರ್ವರ್ 512 ಬೈಟ್ ಅಥವಾ 4 ಕೆಬಿಯ ಸೆಕ್ಟರನ್ನು (ಡಿಸ್ಕ್ ಒಮ್ಮೆಗೆ ಬರೆಯುವ ತುಂಡನ್ನು) ಮಾತ್ರ ಒಪ್ಪುತ್ತದೆ. ಕೆಲವು ಎನ್‌ವಿಎಂಇ ಡಿಸ್ಕ್‌ಗಳು ಅದಕ್ಕಿಂತ ದೊಡ್ಡ ಸೆಕ್ಟರ್ ಇದೆ ಎಂದು ಹೇಳುತ್ತವೆ, ವಿಂಡೋಸ್ 11 ಅದನ್ನು ಹಾಗೇ ದಾಟಿಸುತ್ತದೆ. 'ಎಫ್‌ಎಸ್‌ಯುಟಿಲ್' ಉಪಕರಣದಲ್ಲಿ ಸೆಕ್ಟರಿನ ಮಾಹಿತಿ ಕೇಳಿದರೆ ಗೊತ್ತಾಗುತ್ತದೆ. ಡಿಸ್ಕ್ 4 ಕೆಬಿ ಎಂದೇ ತೋರಿಸುವಂತೆ ಮಾಡುವ ರಿಜಿಸ್ಟ್ರಿ ನಮೂದನ್ನು ಮೈಕ್ರೋಸಾಫ್ಟ್ ತನ್ನ ದಾಖಲೆಯಲ್ಲೇ ಕೊಟ್ಟಿದೆ.

ಇನ್ನು ಯಂತ್ರದ ಲೆಕ್ಕ. 8 ಜಿಬಿ ರ‍್ಯಾಮ್ ಇದ್ದರೆ ವಿಂಡೋಸೂ ಬ್ರೌಸರೂ ಸೇರಿ ಅರ್ಧ ನುಂಗುತ್ತವೆ. ಉಳಿದುದರಲ್ಲಿ 2 ಜಿಬಿಯ ಒಂದು ವಿಎಂ ನೆಮ್ಮದಿಯಾಗಿ ಓಡುತ್ತದೆ, ಪೋಸ್ಟ್‌ಗ್ರೆಸ್‌ಗೆ ಅಷ್ಟು ಸಾಕು. ಒರಾಕಲ್‌ಗೆ 4 ಜಿಬಿ ಕೊಡಬೇಕು, ಆಗ ಬ್ರೌಸರ್ ಮುಚ್ಚಿ ಕೂರಬೇಕಾಗುತ್ತದೆ. 16 ಜಿಬಿ ಇದ್ದವರು ಎರಡು ಮೂರು ವಿಎಂ ಒಟ್ಟಿಗೆ ಓಡಿಸಬಹುದು. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರವಾದರೆ ರ‍್ಯಾಮ್ ಹೆಚ್ಚಿಸುವುದಕ್ಕಿಂತ ಮೊದಲು ಎಸ್‌ಎಸ್‌ಡಿ ಹಾಕಿಸಿ. ವಿಎಂಗೆ ಡೆಸ್ಕ್‌ಟಾಪ್ ಬೇಡ. ಮಿನಿಮಲ್ ಇನ್‌ಸ್ಟಾಲ್ ಮಾಡಿ, ವಿಂಡೋಸಿನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕಿನ ಮೇಲೆ ಆಜ್ಞೆ ಕೊಡುವ ಸಾಧನ) ಮೂಲಕ ಒಳಗೆ ಹೋಗಿ. ಮೌಸ್ ಇಲ್ಲದೆ ಕೆಲಸ ಮಾಡುವ ರೂಢಿ ಮೊದಲ ದಿನದಿಂದಲೇ ಬೀಳಲಿ.

ಇಳಿಸಿಕೊಳ್ಳುವ ಗಾತ್ರವೂ ನಮ್ಮ ಕಡೆ ಸಣ್ಣ ವಿಷಯವಲ್ಲ. ಮೊಬೈಲಿನ ದಿನದ ಡೇಟಾ ಮುಗಿದರೆ ಆ ದಿನ ಅಷ್ಟೇ. ರಾಕಿಯ ಡಿವಿಡಿ ಪ್ರತಿ 10 ಜಿಬಿಗೂ ಹೆಚ್ಚು, ಮಿನಿಮಲ್ ಪ್ರತಿ ಸುಮಾರು 2 ಜಿಬಿ, ಡೆಬಿಯನ್‌ನ ನೆಟ್‌ಇನ್‌ಸ್ಟ್ ಒಂದು ಜಿಬಿಗೂ ಕಡಿಮೆ. ಮಿನಿಮಲ್ ಪ್ರತಿಯನ್ನು ಕಾಲೇಜಿನ ಸಂಪರ್ಕದಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಒಯ್ಯುವ ಮೊದಲು, ಫೈಲು ಪೂರ್ತಿ ಸರಿಯಾಗಿ ಇಳಿದಿದೆಯೇ ಎಂದು ತೋರಿಸುವ ಶಾ-256 ಮೊತ್ತ ತಾಳೆ ನೋಡಿ. ವಿಂಡೋಸಿನಲ್ಲೇ ಇರುವ 'ಸರ್ಟ್‌ಯುಟಿಲ್' ಅದನ್ನು ಲೆಕ್ಕ ಹಾಕಿಕೊಡುತ್ತದೆ. ಸಿಗ್ನಲ್ ಹೋಗಿ ಬಂದು ಅರ್ಧಂಬರ್ಧ ಇಳಿದ ಪ್ರತಿಯೂ ಬೂಟ್ ಆದೀತು, ಇನ್‌ಸ್ಟಾಲ್ ನಡುವೆ ಯಾವುದೋ ಪ್ಯಾಕೇಜ್ ಓದಲಾಗದೆ ನಿಂತೀತು. ಆಗ ತಪ್ಪು ನಮ್ಮದೆಂದುಕೊಂಡು ತಲೆ ಕೆಡಿಸಿಕೊಳ್ಳುತ್ತೇವೆ.

ಹಳೆಯ ಯಂತ್ರಗಳ ಬಗ್ಗೆ ಇನ್ನೊಂದು ಎಚ್ಚರಿಕೆ. 2025ರಲ್ಲಿ ಬಂದ ರೆಡ್ ಹ್ಯಾಟ್ 10 ಮತ್ತು ಅದರ ಜೊತೆಯ ರಾಕಿ 10ಕ್ಕೆ ಎವಿಎಕ್ಸ್2 ಸೂಚನೆಗಳಿರುವ ಪ್ರಾಸೆಸರ್ ಬೇಕು. ಇಂಟೆಲ್‌ನಲ್ಲಿ ಅದು ಬಂದದ್ದು 2013ರ ನಾಲ್ಕನೇ ತಲೆಮಾರಿನಿಂದ, ಅದೂ ಐ3, ಐ5, ಐ7ಗಳಲ್ಲಿ. ಅದೇ ಕಾಲದ ಪೆಂಟಿಯಮ್, ಸೆಲೆರಾನ್‌ಗಳಲ್ಲಿ ಇಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡನೇ ಅಥವಾ ಮೂರನೇ ತಲೆಮಾರಿನ ಐ5 ಕೊಂಡವರು ರಾಕಿ 9ರಲ್ಲೇ ಇರಿ. 2032ರವರೆಗೆ ಅದಕ್ಕೆ ಬೆಂಬಲವಿದೆ. 10ನೇ ಆವೃತ್ತಿಯೇ ಬೇಕಿದ್ದರೆ ಆಲ್ಮಾ ಲಿನಕ್ಸ್ ಹಳೆಯ ಪ್ರಾಸೆಸರ್‌ಗಳಿಗೆಂದೇ ಬೇರೆ ಪ್ರತಿ ಕೊಡುತ್ತದೆ.

ವಿಎಂ ಕಟ್ಟುವಾಗ ಮೊದಲು ಬಯಾಸ್‌ಗೆ ಹೋಗಿ ವರ್ಚುವಲೈಸೇಶನ್ ಚಾಲೂ ಇದೆಯೇ ನೋಡಿ. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಎಂಬ ಹೆಸರಿರುತ್ತದೆ. ವಿಎಂ ಓಡುವಾಗ ಕಿಟಕಿಯ ಕೆಳ ಅಂಚಿನಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ಏನೋ ಅಡ್ಡ ಬಂದಿದೆ ಎಂದರ್ಥ. ವಿಂಡೋಸಿನ ಸ್ವಂತ ವಿಎಂ ವ್ಯವಸ್ಥೆಯಾದ ಹೈಪರ್-ವಿ ಪ್ರಾಸೆಸರಿನ ಆ ಸೌಲಭ್ಯವನ್ನು ತಾನು ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿಬಳಸಿ ಓಡುತ್ತಿದೆ. ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಿದ್ದರೂ ಹೀಗಾಗುತ್ತದೆ. ಕೆಲಸ ನಡೆಯುತ್ತದೆ, ನಿಧಾನ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ನೆಟ್‌ವರ್ಕ್ ಕಾರ್ಡ್ ಎರಡು ಕೊಡಿ. ನ್ಯಾಟ್ ಎಂಬುದು ವಿಎಂಗೆ ಅಂತರ್ಜಾಲ ತೋರಿಸುತ್ತದೆ, ಆದರೆ ಹೊರಗಿನಿಂದ ಒಳಗೆ ಹೋಗಲು ಬಿಡುವುದಿಲ್ಲ. ಹೋಸ್ಟ್-ಓನ್ಲಿ ಕಾರ್ಡ್ ಇದ್ದರೆ ವಿಂಡೋಸೂ ವಿಎಂಗಳೂ ಪರಸ್ಪರ ಮಾತಾಡುತ್ತವೆ. ಡಿಸ್ಕ್‌ಗಳನ್ನು ಬೇರೆಬೇರೆ ಮಾಡಿ: ಸಿಸ್ಟಮ್‌ಗೆ 20 ಜಿಬಿ, ಡೇಟಾಗೆ 10 ಜಿಬಿ, ಬದಲಾವಣೆಗಳನ್ನು ದಾಖಲಿಸುವ ಲಾಗಿಗೆ 5 ಜಿಬಿ. ಡೈನಮಿಕ್ ಎಂದು ಆರಿಸಿದರೆ ಬಳಸಿದಷ್ಟೇ ಜಾಗ ಹಿಡಿಯುತ್ತದೆ. ಇಷ್ಟು ಸಣ್ಣ ಡಿಸ್ಕ್ ಯಾಕೆಂದರೆ ಅವು ಬೇಗ ತುಂಬಬೇಕು. ತುಂಬಿದಾಗ ಏನಾಗುತ್ತದೆ ಎಂದು ನೋಡುವುದೇ ಪಾಠ. ಡಿಸ್ಕಿನ ಭಾಗಗಳ ಗಾತ್ರ ಬದಲಿಸಬಲ್ಲ ಎಲ್‌ವಿಎಂ ಬಳಸಿ ಹಿಗ್ಗಿಸಲು ಕಲಿಯಿರಿ. ಫೈಲ್ ವ್ಯವಸ್ಥೆಗಳಲ್ಲಿ ಎಕ್ಸ್‌ಎಫ್‌ಎಸ್ ಹಿಗ್ಗುತ್ತದೆ, ಕುಗ್ಗುವುದಿಲ್ಲ. ಇಎಕ್ಸ್‌ಟಿ4 ಎರಡೂ ಮಾಡುತ್ತದೆ, ಕುಗ್ಗಿಸುವಾಗ ಮಾತ್ರ ಅನ್‌ಮೌಂಟ್ ಮಾಡಿರಬೇಕು.

ಅಭ್ಯಾಸಕ್ಕೆ ಎಲ್ಲಿಂದಲೋ ತಂದ ಮಾದರಿ ಡೇಟಾ ಬೇಡ. ನಮ್ಮ ಅಡಿಕೆ ಮಾರುಕಟ್ಟೆಯನ್ನೇ ಟೇಬಲ್ ಮಾಡಿ. ಲಾಟ್ ಸಂಖ್ಯೆ, ದಿನಾಂಕ, ಊರು, ತೂಕ, ದರ, ಮತ್ತು ಬಗೆ: ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ. ಪೋಸ್ಟ್‌ಗ್ರೆಸ್‌ನ 'ಜನರೇಟ್ ಸೀರೀಸ್' ಬಳಸಿದರೆ 20 ಲಕ್ಷ ಸಾಲುಗಳನ್ನು ಒಂದೇ ಆಜ್ಞೆಯಲ್ಲಿ ಹುಟ್ಟಿಸಬಹುದು. ಅಂಕಿಗಳು ಕಲ್ಪಿತವಾದರೂ ಅರ್ಥ ನಿಮಗೆ ಗೊತ್ತಿರುವುದರಿಂದ ರಿಪೋರ್ಟಿನಲ್ಲಿ ತಪ್ಪಾದರೆ ಕಣ್ಣಿಗೆ ಹೊಡೆಯುತ್ತದೆ.

ಈಗ ಮಳೆಗಾಲಕ್ಕೆ ಬರೋಣ. ಜೂನ್ ಹಿಡಿದರೆ ಲೈನಿನ ಮೇಲೆ ಮರ ಬೀಳುವುದು, ಕರೆಂಟು ಹೋಗುವುದು ನಮಗೆ ಹೊಸತಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪೋ ಯುಪಿಎಸ್ ಇಲ್ಲದ ಡೆಸ್ಕ್‌ಟಾಪೋ ಇದ್ದರೆ ಡೇಟಾಬೇಸ್ ಓಡುತ್ತಿರುವಾಗಲೇ ಆರುತ್ತದೆ. ಡಿಬಿಎ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಕಮಿಟ್ ಆಯಿತು ಎಂದು ಡೇಟಾಬೇಸ್ ಹೇಳಿದರೆ ಆ ದಾಖಲೆ ಡಿಸ್ಕಿನ ಮೇಲೆ ಕೂತಿದೆ ಎಂಬ ಭರವಸೆ. ಅದಕ್ಕಾಗಿ ಡೇಟಾಬೇಸ್ ಲಾಗ್ ಬರೆದು, 'ಎಫ್‌ಸಿಂಕ್' (ಈಗಲೇ ಡಿಸ್ಕಿಗೆ ಬರೆ) ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಹೇಳುತ್ತದೆ. ಅದು ಡಿಸ್ಕಿಗೆ ಹೇಳುತ್ತದೆ. ಈ ಸರಪಳಿಯಲ್ಲಿ ಯಾರೋ ಒಬ್ಬರು ಬರೆಯದೆಯೇ ಬರೆದೆ ಎಂದರೆ ಭರವಸೆ ಮುರಿಯಿತು. ವರ್ಚುವಲ್‌ಬಾಕ್ಸ್ ವೇಗಕ್ಕಾಗಿ ಒಳಗಿನ ಸಿಸ್ಟಮ್ ಕಳಿಸುವ ಈ ಕೋರಿಕೆಯನ್ನು (ಡಿಸ್ಕಿನ ಮಟ್ಟದಲ್ಲಿ ಇದರ ಹೆಸರು ಫ್ಲಶ್) ಸಾಮಾನ್ಯವಾಗಿ ಕಡೆಗಣಿಸುತ್ತದೆ. ಅದರ ಕೈಪಿಡಿಯಲ್ಲೇ ಇದನ್ನು ಬರೆದಿದ್ದಾರೆ, ಬದಲಿಸುವ ಆಜ್ಞೆಯನ್ನೂ ಕೊಟ್ಟಿದ್ದಾರೆ. 'ಇಗ್ನೋರ್‌ಫ್ಲಶ್' ಎಂಬ ಆಯ್ಕೆಯನ್ನು ಸೊನ್ನೆ ಮಾಡಬೇಕು, ಒಂದೊಂದು ಡಿಸ್ಕಿಗೂ ಬೇರೆಬೇರೆಯಾಗಿ.

ಸುಳ್ಳು ಹಿಡಿಯುವ ದಾರಿಯೂ ಇದೆ. ಪೋಸ್ಟ್‌ಗ್ರೆಸ್ ಜೊತೆ 'ಪಿಜಿ ಟೆಸ್ಟ್ ಎಫ್‌ಸಿಂಕ್' ಎಂಬ ಪುಟ್ಟ ಉಪಕರಣ ಬರುತ್ತದೆ. ಸೆಕೆಂಡಿಗೆ ಎಷ್ಟು ಸಲ ನಿಜವಾಗಿ ಬರೆಯಲು ಆಗುತ್ತದೆ ಎಂದು ಅಳೆಯುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರೆಯಲು ಒಂದೊಂದು ಸುತ್ತು ಕಾಯಲೇಬೇಕು, ಆದ್ದರಿಂದ ಫಲಿತಾಂಶ ಸುಮಾರು 120ರೊಳಗೆ ಇರಬೇಕು. ಲ್ಯಾಪ್‌ಟಾಪಿನ 5400 ಸುತ್ತಿನ ಡಿಸ್ಕ್ ಆದರೆ 90. ಅಂಥ ಡಿಸ್ಕಿನ ಮೇಲಿನ ವಿಎಂ 5000 ಎಂದು ತೋರಿಸಿದರೆ ಖುಷಿಪಡಬೇಡಿ. ನಡುವೆ ಎಲ್ಲೋ ಒಂದು ಕ್ಯಾಶ್ (ಬರೆಯುವ ಮೊದಲು ಡೇಟಾ ತಂಗುವ ತಾತ್ಕಾಲಿಕ ಮೆಮೊರಿ) ಸುಳ್ಳು ಹೇಳುತ್ತಿದೆ.

ಪ್ರಯೋಗ ಮಾಡುವುದು ಹೀಗೆ. ಒಂದು ಟೇಬಲ್‌ಗೆ ಸಾಲು ಸಾಲಾಗಿ ಸೇರಿಸುತ್ತಾ ಪ್ರತಿ ಕಮಿಟ್ ಆದ ಸಂಖ್ಯೆಯನ್ನು ಬೇರೆ ಯಂತ್ರದ ಪರದೆಯ ಮೇಲೆ ತೋರಿಸುವ ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಓಡುತ್ತಿರುವಾಗ ವಿಎಂಗೆ 'ಪವರ್ ಆಫ್' ಕೊಡಿ. ಮತ್ತೆ ಎಬ್ಬಿಸಿ ಪೋಸ್ಟ್‌ಗ್ರೆಸ್ ತನ್ನ ಸಂದೇಶಗಳನ್ನು ಬರೆಯುವ ಲಾಗ್ ಓದಿ. ಸರಿಯಾಗಿ ಮುಚ್ಚಿರಲಿಲ್ಲ, ತಾನಾಗಿ ರಿಕವರಿ ನಡೆಯುತ್ತಿದೆ, ರೀಡೂ ಇಂಥಲ್ಲಿಂದ ಶುರುವಾಯಿತು ಎಂಬ ಸಾಲುಗಳಿರುತ್ತವೆ. ಪರದೆಯ ಮೇಲೆ ಕೊನೆಗೆ ಕಂಡ ಸಂಖ್ಯೆ ಟೇಬಲಿನಲ್ಲಿ ಇರಲೇಬೇಕು.

ಇಲ್ಲೊಂದು ಸೂಕ್ಷ್ಮವಿದೆ. ವಿಎಂ ಪವರ್ ಆಫ್ ಮಾಡಿದಾಗ ವಿಂಡೋಸ್ ಬದುಕೇ ಇರುತ್ತದೆ. ಅದರ ಕ್ಯಾಶಿನಲ್ಲಿ ಉಳಿದದ್ದು ನಿಧಾನವಾಗಿ ಡಿಸ್ಕಿಗೆ ಹೋಗುತ್ತದೆ. ಹಾಗಾಗಿ ಫ್ಲಶ್ ಕಡೆಗಣಿಸಿದ ವಿಎಂ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅಸಲಿ ಕರೆಂಟು ಹೋದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಆ ಪರೀಕ್ಷೆಯನ್ನು ಮನೆಯವರ ಫೋಟೊ, ದಾಖಲೆ ಇರುವ ಯಂತ್ರದಲ್ಲಿ ಮಾಡಬೇಡಿ. ಕೆಡಿಸಲೆಂದೇ ಇಟ್ಟುಕೊಂಡ ಹಳೆಯ ಡೆಸ್ಕ್‌ಟಾಪ್ ಇದ್ದರೆ ಅದಕ್ಕೆ ನೇರವಾಗಿ ಲಿನಕ್ಸ್ ಹಾಕಿ ಮಾಡಿ.

ಲಿನಕ್ಸ್ ತಪ್ಪೇ ಮಾಡುವುದಿಲ್ಲ ಎಂದು ತಿಳಿಯಬೇಡಿ. ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಕರ್ನಲ್ ಆ ಪುಟಗಳನ್ನು ಬರೆದಾಯಿತು ಎಂದೇ ಗುರುತು ಮಾಡಿಬಿಡಬಹುದು, ಮತ್ತೊಮ್ಮೆ ಎಫ್‌ಸಿಂಕ್ ಕೇಳಿದರೆ ಸರಿಯಾಗಿದೆ ಎನ್ನಬಹುದು ಎಂಬುದು 2018ರಲ್ಲಿ ಪೋಸ್ಟ್‌ಗ್ರೆಸ್ ಬಳಗದ ಗಮನಕ್ಕೆ ಬಂತು. ಅಷ್ಟು ವರ್ಷ ಎರಡನೇ ಪ್ರಯತ್ನವನ್ನು ನಂಬಲಾಗಿತ್ತು. ಅದಾದ ಮೇಲೆ ಪೋಸ್ಟ್‌ಗ್ರೆಸ್ ಎಫ್‌ಸಿಂಕ್ ವಿಫಲವಾದ ಕೂಡಲೇ ತಾನೇ ಬಿದ್ದು, ಲಾಗಿನಿಂದ ರಿಕವರಿ ಮಾಡಿಕೊಳ್ಳುವಂತೆ ಬದಲಾಯಿತು. ಕೆಳಗಿನ ನೆಲ ಗೊತ್ತಿಲ್ಲದೆ ಡೇಟಾಬೇಸ್ ಗೊತ್ತಿದೆ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಕೆಲವು ಪ್ರಯೋಗಗಳು, ಬೇಗ ಬೇಗ ಹೇಳುತ್ತೇನೆ.

ರಾಕಿಯಲ್ಲಿ ಡೇಟಾ ಫೋಲ್ಡರನ್ನು ಹೊಸ ಡಿಸ್ಕಿಗೆ ಸ್ಥಳಾಂತರಿಸಿ. ಮಾಲೀಕತ್ವ ಸರಿ, ಅನುಮತಿ ಸರಿ, ಆದರೂ ಸರ್ವಿಸ್ 'ಪರ್ಮಿಶನ್ ಡಿನೈಡ್' ಎನ್ನುತ್ತದೆ. ತಡೆಯುತ್ತಿರುವುದು ಎಸ್‌ಇ-ಲಿನಕ್ಸ್ ಎಂಬ ಭದ್ರತಾ ಪದರ. ಹೊಸ ಫೋಲ್ಡರಿಗೆ ಡೇಟಾಬೇಸಿನ ಗುರುತುಪಟ್ಟಿ ಅಂಟಿಲ್ಲ. 'ಸೆಮ್ಯಾನೇಜ್' ಆಜ್ಞೆಯಿಂದ ಪಟ್ಟಿ ಗೊತ್ತುಪಡಿಸಿ, 'ರೆಸ್ಟೋರ್‌ಕಾನ್' ಆಜ್ಞೆಯಿಂದ ಅಂಟಿಸಬೇಕು. ಎಸ್‌ಇ-ಲಿನಕ್ಸನ್ನೇ ನಿಲ್ಲಿಸಿಬಿಡಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಆ ರೂಢಿ ಮಾಡಿಕೊಳ್ಳಬೇಡಿ, ನಾಳೆ ಕಚೇರಿಯಲ್ಲಿ ಅದಕ್ಕೆ ಅನುಮತಿ ಸಿಗದು. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್‌ಗೆ ಇದೇ ಕಾಟ ಅಲ್ಲಿನ ಭದ್ರತಾ ಪದರವಾದ ಆಪ್‌ಆರ್ಮರ್ ಕಡೆಯಿಂದ ಬರುತ್ತದೆ.

ಬೇರೆ ವಿಎಂನಿಂದ ಸಂಪರ್ಕಿಸುವಾಗ ಬರುವ ಸಂದೇಶವನ್ನು ಓದುವುದು ಕಲಿಯಿರಿ. 'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಆ ವಿಳಾಸದಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಪೋಸ್ಟ್‌ಗ್ರೆಸ್ ಮೊದಲಿಗೆ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಅದೇ ಯಂತ್ರದೊಳಗಿನಿಂದ, ಮಾತ್ರ ಕೇಳುತ್ತದೆ. ಪಿಂಗ್ ಹೋಗುತ್ತಿದ್ದೂ 'ನೋ ರೂಟ್ ಟು ಹೋಸ್ಟ್' ಬಂದರೆ ರಾಕಿಯ ಫೈರ್‌ವಾಲ್ ಪೋಸ್ಟ್‌ಗ್ರೆಸ್‌ನ ಪೋರ್ಟಾದ 5432ನ್ನು ತಿರಸ್ಕರಿಸುತ್ತಿದೆ. ಯಾರನ್ನು ಒಳಗೆ ಬಿಡಬೇಕೆಂದು ಹೇಳುವ ಪಿಜಿ-ಎಚ್‌ಬಿಎ ಫೈಲಿನಲ್ಲಿ ನಮೂದಿಲ್ಲ ಎಂದರೆ ಬಾಗಿಲವರೆಗೆ ತಲುಪಿದ್ದೀರಿ, ಒಳಗೆ ಬಿಡುತ್ತಿಲ್ಲ. ಮೂರು ಸಂದೇಶ, ಮೂರು ಬೇರೆ ಜಾಗ.

ಒಂದು ದೊಡ್ಡ ಲಾಗ್ ಫೈಲನ್ನು ಯಾವುದೋ ಪ್ರಾಸೆಸ್ ತೆರೆದಿಟ್ಟುಕೊಂಡಿರುವಾಗಲೇ ಅಳಿಸಿ. ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ, ಲಿನಕ್ಸ್ ಬಿಡುತ್ತದೆ. ಆದರೆ ಜಾಗ ಖಾಲಿಯಾಗುವುದಿಲ್ಲ. ಇಡೀ ಡಿಸ್ಕಿನ ಲೆಕ್ಕ ಕೊಡುವ 'ಡಿಎಫ್' ಡಿಸ್ಕ್ ತುಂಬಿದೆ ಎನ್ನುತ್ತದೆ, ಕಾಣುವ ಫೈಲುಗಳನ್ನು ಕೂಡುವ 'ಡಿಯು' ತುಂಬಿಲ್ಲ ಎನ್ನುತ್ತದೆ. ಎರಡೂ ನಿಜ. ಪ್ರಾಸೆಸ್ ಆ ಫೈಲನ್ನು ಬಿಡುವವರೆಗೆ ಜಾಗ ಹಿಂತಿರುಗದು. ಯಾರು ಹಿಡಿದಿದ್ದಾರೆಂದು 'ಎಲ್‌ಎಸ್‌ಓಎಫ್' ತೋರಿಸುತ್ತದೆ.

ಒರಾಕಲ್‌ನವರು ಡೇಟಾಬೇಸ್ ಬಳಸಬಹುದಾದ ಮೆಮೊರಿಯನ್ನು ಹೇಳುವ ಮೆಮೊರಿ ಟಾರ್ಗೆಟ್ ಹೆಚ್ಚಿಸಿ ನೋಡಿ. ಓಆರ್‌ಎ-00845 ಎಂಬ ದೋಷ ಸಂದೇಶ ಬರುತ್ತದೆ. ಈ ಸಿಸ್ಟಮ್‌ನಲ್ಲಿ ಬೆಂಬಲವಿಲ್ಲ ಎನ್ನುವ ಅದರ ಮಾತು ದಾರಿ ತಪ್ಪಿಸುವಂಥದ್ದು. ಶೇರ್ಡ್ ಮೆಮೊರಿಯ ಫೈಲ್ ವ್ಯವಸ್ಥೆ ರ‍್ಯಾಮಿನ ಅರ್ಧದಷ್ಟೇ ಇರುತ್ತದೆ, ನೀವು ಕೇಳಿದ್ದು ಅದಕ್ಕಿಂತ ಹೆಚ್ಚು. ವಿಎಂನ ಹೆಸರು ಬದಲಿಸಿದಾಗ ಲಿಸನರ್ (ಹೊರಗಿನ ಸಂಪರ್ಕ ಸ್ವೀಕರಿಸುವ ಸೇವೆ) ಏಳದಿದ್ದರೆ ಅದರ ಸಂರಚನೆಯಲ್ಲೂ ಹೋಸ್ಟ್ಸ್ ಫೈಲಿನಲ್ಲೂ ಹಳೆಯ ಹೆಸರು ಕೂತಿದೆಯೇ ನೋಡಿ.

ಪ್ರಶ್ನೋತ್ತರದ ಹೊತ್ತಿನಲ್ಲಿ ಮೂರು ವಿಷಯ ಬಂದವು, ಅವನ್ನೂ ಇಲ್ಲಿ ಸೇರಿಸಿದೆ.

ಡಬ್ಲ್ಯೂಎಸ್‌ಎಲ್ ಸಾಲದೇ ಎಂದೊಬ್ಬರು ಕೇಳಿದರು. ಆಜ್ಞೆ ಕಲಿಯಲು ಸಾಕು. ಸರ್ವರ್ ಎಂದು ನಂಬಿಕೊಳ್ಳಲು ಸಾಲದು. ಟರ್ಮಿನಲ್ ಮುಚ್ಚಿದ ಸ್ವಲ್ಪ ಹೊತ್ತಿಗೆ ಅದು ತಾನೇ ಮಲಗುತ್ತದೆ, ಒಳಗೆ ಸರ್ವಿಸ್ ಓಡುತ್ತಿದೆ ಎಂದು ಎದ್ದಿರುವುದಿಲ್ಲ. ಬೆಳಿಗ್ಗೆ ನೋಡಿದರೆ ರಾತ್ರಿಯ ಬ್ಯಾಕಪ್ ನಡೆದೇ ಇಲ್ಲ. ಡೇಟಾ ಫೋಲ್ಡರನ್ನು ಸಿ ಡ್ರೈವಿನಲ್ಲಿ ಇಟ್ಟರೆ ತುಂಬ ನಿಧಾನ, ಅನುಮತಿಗಳೂ ಸರಿಹೋಗುವುದಿಲ್ಲ. ಲಿನಕ್ಸಿನ ಒಳಗಿನ ಫೋಲ್ಡರಿನಲ್ಲೇ ಇಡಬೇಕು. ತಂತ್ರಾಂಶವನ್ನು ಸಿದ್ಧ ಡಬ್ಬಿಯಲ್ಲಿ (ಕಂಟೇನರ್) ಓಡಿಸುವ ಡಾಕರ್ ಬಗ್ಗೆಯೂ ಇದೇ ಅಭಿಪ್ರಾಯ. ಐದು ನಿಮಿಷದಲ್ಲಿ ಡೇಟಾಬೇಸ್ ಎದ್ದು ನಿಲ್ಲುತ್ತದೆ, ಕಲಿಯಬೇಕಾದ ಗಡಿ ಮಾತ್ರ ಮರೆಯಾಗುತ್ತದೆ. ಮೊದಲು ವಿಎಂ, ಆಮೇಲೆ ಡಾಕರ್.

ಕನ್ನಡದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದರೆ ತಪ್ಪಾಗುತ್ತದಲ್ಲ ಎಂಬುದು ಇನ್ನೊಂದು ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ, ಉತ್ತರವೂ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಇದೆ. ಯುನಿಕೋಡ್‌ನಲ್ಲಿ ಳ ಅಕ್ಷರಕ್ಕೆ ಜಾಗ ಕೊಟ್ಟಿರುವುದು ಲ ಆದ ಕೂಡಲೇ, ವ ಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಡೇಟಾಬೇಸನ್ನು ಸಿ ಎಂಬ ಲೊಕೇಲ್‌ನಲ್ಲಿ (ಲೊಕೇಲ್ ಎಂದರೆ ಭಾಷೆಗೆ ತಕ್ಕ ನಿಯಮಗಳ ಕಟ್ಟು) ಕಟ್ಟಿದರೆ ಜೋಡಣೆ ಬರೀ ಯುನಿಕೋಡ್ ಸಂಖ್ಯೆಯ ಪ್ರಕಾರ ನಡೆದು, ಯಲ್ಲಾಪುರದ ಕಳಚೆ ಮೊದಲು ಬಂದು ಹೊನ್ನಾವರದ ಕವಲಕ್ಕಿ ಆಮೇಲೆ ಬರುತ್ತದೆ. ನಿಘಂಟಿನ ಕ್ರಮದಲ್ಲಿ ಕವಲಕ್ಕಿಯೇ ಮೊದಲು. ಮಿನಿಮಲ್ ಇನ್‌ಸ್ಟಾಲಿನಲ್ಲಿ ಕನ್ನಡದ ಲೊಕೇಲ್ ಇರುವುದಿಲ್ಲ, ಭಾಷಾ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಐಸಿಯು ಎಂಬ ಲೈಬ್ರರಿಯ ಕೊಲೇಶನ್ (ಜೋಡಣೆಯ ನಿಯಮ) ಬಳಸುವುದು ಇನ್ನೂ ಒಳ್ಳೆಯದು. ಸಿಸ್ಟಮ್‌ನ ಲೈಬ್ರರಿಯನ್ನು ನೆಚ್ಚಿದರೆ ಒಂದು ಅಪಾಯವಿದೆ. ಲಿನಕ್ಸಿನ ಆ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2018ರ 2.28 ಆವೃತ್ತಿಯಲ್ಲಿ ಜೋಡಣೆಯ ನಿಯಮಗಳೇ ಬದಲಾದವು. ಸೆಂಟ್‌ಓಎಸ್ 7ರ ಡೇಟಾ ಫೋಲ್ಡರನ್ನು ಹಾಗೇ ಎತ್ತಿ ರಾಕಿ 8ರ ಮೇಲೆ ಇಟ್ಟರೆ ಡೇಟಾಬೇಸ್ ಓಡುತ್ತದೆ, ಆದರೆ ಪಠ್ಯದ ಇಂಡೆಕ್ಸ್‌ಗಳು ಹಳೆಯ ಕ್ರಮದಲ್ಲಿರುತ್ತವೆ. ಇರುವ ಸಾಲು ಹುಡುಕಿದರೆ ಸಿಗದು. ರೀಇಂಡೆಕ್ಸ್ ಮಾಡಲೇಬೇಕು, ಅಂದರೆ ಇಂಡೆಕ್ಸ್‌ಗಳನ್ನು ಹೊಸದಾಗಿ ಕಟ್ಟಬೇಕು.

ಕೊನೆಯದು ರೆಪ್ಲಿಕೇಶನ್. ಎರಡು ವಿಎಂ ಮಾಡಿ, ಒಂದಕ್ಕೆ ಶಿರಸಿ, ಇನ್ನೊಂದಕ್ಕೆ ಕಾರವಾರ ಎಂದು ಹೆಸರಿಡಿ. ಕ್ಲೋನ್ ಮಾಡುವಾಗ ಹೊಸ ಮ್ಯಾಕ್ ವಿಳಾಸ ಹುಟ್ಟಿಸುವ ಆಯ್ಕೆ ಗುರುತು ಮಾಡಿ, ಇಲ್ಲವಾದರೆ ಎರಡೂ ಒಂದೇ ಐಪಿಗೆ ಜಗಳಾಡುತ್ತವೆ. ಶಿರಸಿ ಮುಖ್ಯ ಸರ್ವರ್, ಕಾರವಾರ ಅದರ ಸ್ಟ್ಯಾಂಡ್‌ಬೈ (ಬದಲಿಗೆ ಸಿದ್ಧವಾಗಿರುವ ನಕಲು). ಇಡೀ ಸರ್ವರಿನ ಡೇಟಾ ನಕಲಿಸುವ 'ಪಿಜಿ ಬೇಸ್‌ಬ್ಯಾಕಪ್' ಮೂಲಕ ಕಾರವಾರವನ್ನು ಕಟ್ಟಿ, ಅದು ಎಲ್ಲಿಯವರೆಗೆ ಓದಿದೆ ಎಂದು ನೆನಪಿಡುವ ರೆಪ್ಲಿಕೇಶನ್ ಸ್ಲಾಟ್ ಕೊಡಿ. ಈಗ ಕಾರವಾರದ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ವರ್ಚುವಲ್‌ಬಾಕ್ಸ್‌ನಲ್ಲಿ ಅದಕ್ಕೆ ಒಂದು ಗುರುತು ಇದೆ. ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ ಹಾಗೆ. ಶಿರಸಿಯಲ್ಲಿ ಅಡಿಕೆ ಲಾಟುಗಳನ್ನು ಸೇರಿಸುತ್ತಲೇ ಇರಿ. ಕಾರವಾರ ಇನ್ನೂ ಓದಿಲ್ಲವೆಂದು ಸ್ಲಾಟ್ ಒಂದು ಲಾಗ್ ತುಂಡನ್ನೂ ಅಳಿಸಲು ಬಿಡುವುದಿಲ್ಲ. ಒಂದೊಂದು ತುಂಡು 16 ಎಂಬಿ, ನಿಮ್ಮ ಲಾಗ್ ಡಿಸ್ಕ್ 5 ಜಿಬಿ. ಸುಮಾರು 320 ತುಂಡಿಗೆ ಡಿಸ್ಕ್ ತುಂಬಿ ಶಿರಸಿಯೇ ಬೀಳುತ್ತದೆ. ಸ್ಟ್ಯಾಂಡ್‌ಬೈ ಕಾಣೆಯಾದದ್ದಕ್ಕೆ ಮುಖ್ಯ ಸರ್ವರ್ ಸತ್ತಿತು.

ಎಬ್ಬಿಸಲು ಲಾಗ್ ತುಂಡುಗಳನ್ನು ಕೈಯಿಂದ ಅಳಿಸಬೇಡಿ, ಡೇಟಾಬೇಸ್ ಹಾಳಾಗುತ್ತದೆ. ಎಲ್‌ವಿಎಂನಿಂದ ಡಿಸ್ಕನ್ನು 2 ಜಿಬಿ ಹಿಗ್ಗಿಸಿ, ಶಿರಸಿಯನ್ನು ಎಬ್ಬಿಸಿ, ಸ್ಲಾಟ್ ತೆಗೆದುಹಾಕಿ. ಮುಂದಿನ ಸಲಕ್ಕೆ ಸ್ಲಾಟ್ ಹಿಡಿದಿಡಬಹುದಾದ ಲಾಗಿನ ಗಾತ್ರಕ್ಕೆ 3 ಜಿಬಿ ಮಿತಿ ಹಾಕಿ. ಪೋಸ್ಟ್‌ಗ್ರೆಸ್ 13ರಿಂದ ಆ ಆಯ್ಕೆ ಇದೆ, ಆದರೆ ತಾನಾಗಿ ಮಿತಿ ಇರುವುದಿಲ್ಲ. ಮಿತಿ ದಾಟಿದರೆ ಸ್ಲಾಟ್ ಸಾಯುತ್ತದೆ, ಶಿರಸಿ ಬದುಕುತ್ತದೆ, ಕಾರವಾರವನ್ನು ಬೇಸ್‌ಬ್ಯಾಕಪ್‌ನಿಂದ ಮತ್ತೆ ಕಟ್ಟಬೇಕಾಗುತ್ತದೆ. ಕಟ್ಟಲು ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ ಬರೆದಿಡಿ. ಸಂದರ್ಶನದಲ್ಲಿ ನಿಮ್ಮನ್ನು ಕೇಳುವುದು ಅದನ್ನೇ.